ಕುರ್ಚಿ ಬಿಟ್ಟೇಳೋಣ



ನಿವೃತ್ತಿಯಾದದ್ದೇ ನಾನು ಕಾಯಕ ಬಿಟ್ಟು ಕುರ್ಚಿ ಹಿಡಿದೆ. ನಾನೇ ನಿಂತು ಕಟ್ಟಿಸಿದ ಸೇತುವೆಯ ಊರಿನ ಹೆಸರು ಒಮ್ಮೆ ಮೊಮ್ಮಗಳೆದುರು ನಾಲಿಗೆಗೆ ಬರಲಿಲ್ಲ. ಹೆದರಿದೆ. ಎಂಜಿನಿಯರನಿಗೆ ಅಳತೆ ಬೇಕಲ್ಲ, ಹುಡುಕಿ ಓದಿದೆ.

ಅಮೆರಿಕದ ಕಿರ್ಕ್ ಎರಿಕ್ಸನ್ ಮತ್ತು ಸಂಗಡಿಗರು 2011ರಲ್ಲಿ 120 ಹಿರಿಯರ ಅಧ್ಯಯನ ಪ್ರಕಟಿಸಿದರು. ಅರ್ಧ ಮಂದಿ ವರ್ಷವಿಡೀ ವಾರಕ್ಕೆ 3 ದಿನ, 40 ನಿಮಿಷ ಬಿರುಸಾಗಿ ನಡೆದರು. ಉಳಿದವರು ಮೈ ಚಾಚುವ ವ್ಯಾಯಾಮವನ್ನಷ್ಟೇ ಮಾಡಿದರು. ನಡೆದವರ ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಭಾಗ ಶೇ. 2ರಷ್ಟು ಹಿಗ್ಗಿತ್ತು, ಉಳಿದವರದು ಕುಗ್ಗಿತ್ತು. ನೆನಪಿನ ಪರೀಕ್ಷೆಯಲ್ಲಿ ಮಾತ್ರ ಎರಡೂ ಗುಂಪು ಸುಧಾರಿಸಿದ್ದವು, ಅದನ್ನೂ ಮುಚ್ಚಿಡಬಾರದು. ಪವಾಡವೆನ್ನಲಾರೆ.

ನಾಳೆ ಬೆಳಿಗ್ಗೆ 6ಕ್ಕೆ ಮಠದ ಬಾಗಿಲಿಂದ ಕೆರೆ ಏರಿಗೆ ಹೊರಡುತ್ತೇನೆ. ಮೊಣಕಾಲು ನೋವಿದ್ದವರು ನಿಧಾನ ಬನ್ನಿ, ಕಾಯುತ್ತೇನೆ.