ಹೋದದ್ದು ಎಂಟು ಗುಂಟೆ, ಒಣಗಿದ್ದು ಎರಡು ಎಕರೆ

(ತಾಲ್ಲೂಕು ರೈತರ ಸಭೆಯಲ್ಲಿ ಆಡಿದ ಮಾತುಗಳು)



ಸಭೆಯಲ್ಲಿ ಕೂತು ಕೇಳಿದವರಿಗೆ ಹೇಳಿದ್ದನ್ನೇ ಈಗ ಓದುತ್ತಿರುವ ನಿಮಗೂ ಹೇಳುತ್ತೇನೆ. ನಾನು ಹೈಸ್ಕೂಲು ತನಕ ಓದಿದ ರೈತ. ಇಂಜಿನಿಯರ್ ಅಲ್ಲ, ವಕೀಲನೂ ಅಲ್ಲ. ಆದರೆ ನಮ್ಮ ಹೊಲಕ್ಕೆ ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅನ್ನೋದು ತಿಳಿಯೋದಕ್ಕೆ ಡಿಗ್ರಿ ಬೇಕಾಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ರಸ್ತೆ ಬೇಡ ಅನ್ನುವವನು ನಾನಲ್ಲ. ನಾವು ಬೆಳೆದ ತರಕಾರಿ ಮಾರ್ಕೆಟ್ಟಿಗೆ ಹೋಗಬೇಕು, ಹೆರಿಗೆಗೆ ಹೆಣ್ಣುಮಗಳು ಆಸ್ಪತ್ರೆ ಸೇರಬೇಕು. ನನ್ನ ಪ್ರಶ್ನೆ ಒಂದೇ. ರಸ್ತೆಯ ಲೆಕ್ಕದಲ್ಲಿ ಸಿಮೆಂಟಿಗೆ ರೇಟಿದೆ, ಡಾಂಬರಿಗೆ ರೇಟಿದೆ. ನಮ್ಮ ನೀರಿಗೆ, ಮಣ್ಣಿಗೆ ಮಾತ್ರ ಯಾಕೆ ಸೊನ್ನೆ?

ನನ್ನ ಕಥೆಯನ್ನೇ ಕೇಳಿ. ಊರ ಪಕ್ಕದ ಹೆದ್ದಾರಿ ಅಗಲ ಮಾಡುವಾಗ ನನ್ನ ಎಂಟು ಗುಂಟೆ ಹೋಯಿತು. ಪರಿಹಾರ ಬಂತು, ಸಹಿ ಹಾಕಿದೆ. ಹಳೇ ರಸ್ತೆ ನೆಲಮಟ್ಟದಲ್ಲಿತ್ತು. ಗುಡ್ಡದ ಕಡೆಯ ನೀರು ಮೂರು ಕಲ್ಲುಮೋರಿಗಳಲ್ಲಿ ಹಾದು ನಮ್ಮ ಕೆರೆ ಸೇರುತ್ತಿತ್ತು. ಹೊಸ ರಸ್ತೆ ಆಳೆತ್ತರದ ಮಣ್ಣಿನ ಏರಿ. ಮೂರು ಮೋರಿ ಇದ್ದ ಕಡೆ ಒಂದೇ ಒಂದು ಪೈಪು. ಅದರ ತಳವೋ, ಹಳ್ಳದ ತಳಕ್ಕಿಂತ ಒಂದಡಿ ಮೇಲೆ!

ಆಮೇಲೆ ಏನಾಯಿತು? ರಸ್ತೆಯ ಮೇಲ್ಗಡೆ ನೀರು ನಿಂತು ಪಕ್ಕದವರ ರಾಗಿ ಕೊಳೆಯಿತು. ಕೆಳಗಡೆ ಕೆರೆ ತುಂಬಲಿಲ್ಲ. ಕೆರೆ ತುಂಬದಿದ್ದರೆ ಬಾವಿಗೆ ಒರತೆ ಎಲ್ಲಿಂದ? ಸಾಲ ಮಾಡಿ ಬೋರು ಕೊರೆಸಿದೆ. ಪರಿಹಾರದ ದುಡ್ಡು ಬೋರಿಗೆ ಮತ್ತು ಬಡ್ಡಿಗೆ ಹೋಯಿತು, ಸಾಲ ನನ್ನ ಹತ್ತಿರವೇ ಉಳಿಯಿತು. ಕಾಗದದಲ್ಲಿ ನಾನು ಕಳೆದುಕೊಂಡದ್ದು ಎಂಟು ಗುಂಟೆ. ನೀರಿಲ್ಲದೆ ಬಿದ್ದಿರುವುದು ಎರಡು ಎಕರೆ.

ನೀರಿಗೆ ದಾರಿ ಕೊಡದಿದ್ದರೆ ರಸ್ತೆಗೂ ಸುಖವಿಲ್ಲ. ದೊಡ್ಡ ರಸ್ತೆಯನ್ನೇ ನೋಡಿ. ಬೆಂಗಳೂರು–ಮೈಸೂರು ಹೆದ್ದಾರಿ ಸುಮಾರು 118 ಕಿಲೋಮೀಟರ್. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಅದರ ಮೇಲೇ ನೀರು ನಿಂತಿತು. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ತಿಂಗಳ ಮಳೆಗೆ ಮತ್ತೆ ನೀರು ನಿಂತಿತು. ಹೊಲಕ್ಕೆ ಇಳಿಯಲು ಹಳ್ಳಿಯವರು ಚರಂಡಿಗೆ ಮಣ್ಣು ಹಾಕಿದ್ದೇ ಕಾರಣ ಎಂದು ಹೆದ್ದಾರಿ ಪ್ರಾಧಿಕಾರ ಹೇಳಿತು. ಇರಬಹುದು. ಹೊಲಕ್ಕೆ ಸರಿಯಾದ ದಾರಿ ಬಿಟ್ಟಿದ್ದರೆ ಚರಂಡಿಗೆ ಯಾರು ಯಾಕೆ ಮಣ್ಣು ಹಾಕುತ್ತಿದ್ದರು?

ಇನ್ನು ಮಣ್ಣಿನ ಮಾತು. ಏರಿ ಹಾಕೋದಕ್ಕೆ ಮಣ್ಣು ಬೇಕು. ಕಂಟ್ರಾಕ್ಟರ ಕಡೆಯವರು ಮನೆ ಬಾಗಿಲಿಗೆ ಬಂದು, 'ಲೋಡಿಗೆ ಇಷ್ಟು ಕೊಡ್ತೀವಿ, ಹೊಲ ಮಟ್ಟ ಮಾಡಿಕೊಡ್ತೀವಿ' ಅಂತಾರೆ. ಸೊಸೈಟಿ ನೋಟೀಸು ಕೈಯಲ್ಲಿ ಹಿಡಿದು ಕೂತವನು ಹೂಂ ಅಂತಾನೆ. ಲೆಕ್ಕ ಹಾಕಿ ನೋಡಿ. ಒಂದು ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ಒಂದು ಮೀಟರ್ ಆಳ ತೆಗೆದರೆ 4,000 ಘನ ಮೀಟರ್. ಟಿಪ್ಪರಿಗೆ 10 ಘನ ಮೀಟರ್ ಅಂತ ಹಿಡಿದರೂ 400 ಲೋಡು. ಇದರಲ್ಲಿ ಪೈರು ಬೆಳೆಸುವ ಮೇಲ್ಮಣ್ಣು ಅರ್ಧ ಅಡಿ, ಅಂದರೆ ಬರೀ 60 ಲೋಡು. ಒಂದು ಅಂಗುಲ ಮೇಲ್ಮಣ್ಣು ಆಗೋದಕ್ಕೆ ನೂರಾರು ವರ್ಷ ಬೇಕು. ಟಿಪ್ಪರಿಗೆ ಒಂದು ದಿನ ಸಾಕು.

ಈ ಮೇಲ್ಮಣ್ಣನ್ನು ಮೊದಲು ಕೆರೆದು ಬೇರೆ ಗುಡ್ಡೆ ಹಾಕಿ, ಆಮೇಲೆ ಮತ್ತೆ ಹರಡಬೇಕು. ರಸ್ತೆ ಕೆಲಸದ ಸರ್ಕಾರಿ ನಿಯಮದಲ್ಲೇ ಮೇಲ್ಮಣ್ಣು ತೆಗೆದಿಡುವ ಮಾತು ಇದೆ. ಕೇಳುವವರಿಲ್ಲ, ಅದಕ್ಕೆ ಮಾಡುವವರೂ ಇಲ್ಲ. ಬೇರೆ ದಾರಿಯೂ ಉಂಟು. ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯಲ್ಲಿ ಕೆರೆ ಹಳ್ಳಗಳನ್ನು ಆಳ ಮಾಡಿ, ತೆಗೆದ ಮಣ್ಣನ್ನು ಹೆದ್ದಾರಿಗೆ ಹಾಕಿದರು. ರಸ್ತೆಯೂ ಆಯಿತು, ನೀರಿಗೆ ಜಾಗವೂ ಆಯಿತು. ಹೊಲ ಅಗೆಯಲೇಬೇಕು ಅಂತೇನಿಲ್ಲ.

ಈಗ ಕಾನೂನು. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಭೂಸ್ವಾಧೀನದ ಅಧಿಸೂಚನೆಯ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರಬೇಕು, ಅದರಲ್ಲಿ ಒಂದು ನಮ್ಮ ಭಾಷೆಯದು. ಅಧಿಸೂಚನೆ ಹೊರಟ 21 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಕೊಡಬಹುದು. ಕೊಟ್ಟರೆ ಅಧಿಕಾರಿ ನಮ್ಮ ಮಾತು ಕೇಳಲೇಬೇಕು. ಪರಿಹಾರ ಗೊತ್ತುಮಾಡುವಾಗ ಹೋದ ನೆಲದ ಬೆಲೆ ಒಂದೇ ಅಲ್ಲ, ಜಮೀನು ಎರಡು ತುಂಡಾದ ನಷ್ಟ, ಉಳಿದ ಆಸ್ತಿಗೆ ಮತ್ತು ಸಂಪಾದನೆಗೆ ಆದ ನಷ್ಟ, ಇವನ್ನೂ ನೋಡಬೇಕು ಎಂದು 3ಜಿ ಕಲಂ ಹೇಳುತ್ತದೆ. ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಲು ಅವಕಾಶವಿದೆ. ಇದು ನನಗೆ ತಿಳಿದದ್ದು ಸಹಿ ಹಾಕಿದ ಮೇಲೆ. ನನ್ನ ಅರ್ಜಿಯಲ್ಲಿ ಕೆರೆಯ ಹೆಸರೇ ಇರಲಿಲ್ಲ, ಬಾವಿಯ ಸುದ್ದಿಯೇ ಇರಲಿಲ್ಲ. ತಪ್ಪು ಸರ್ಕಾರದ್ದು ಎಷ್ಟೋ ನನ್ನದೂ ಅಷ್ಟೇ.

ಆದ್ದರಿಂದ, ನಿಮ್ಮೂರಿಗೆ ರಸ್ತೆ ಅಳೆಯುವವರು ಬಂದ ದಿನವೇ ಮೂರು ಕೆಲಸ ಮಾಡಿ. ಗ್ರಾಮನಕ್ಷೆ ತೆಗೆಸಿ, ಹಳ್ಳ, ಕಾಲುವೆ, ಕಟ್ಟೆ ಎಲ್ಲವನ್ನೂ ಗುರುತು ಮಾಡಿ, ಹಳೇ ಮೋರಿಗಳ ಫೋಟೋ ಹಿಡಿಯಿರಿ. ಒಬ್ಬೊಬ್ಬರೇ ಹೋಗಬೇಡಿ, ಮೇಲ್ಗಡೆಯವರು, ಕೆಳಗಡೆಯವರು ಸೇರಿ ಒಂದೇ ತಕರಾರು ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಮಣ್ಣು ಕೊಡಲೇಬೇಕಾಗಿ ಬಂದರೆ ಮೇಲ್ಮಣ್ಣಿನ ಕರಾರು ಕಾಗದದ ಮೇಲೆ ಆಗಲಿ, ಬಾಯಿಮಾತು ಬೇಡ.

ರಸ್ತೆ ಹಾಕಿದ ಕಂಟ್ರಾಕ್ಟರ ಬಿಲ್ಲು ಪಡೆದು ಹೋಗುತ್ತಾನೆ. ಅಧಿಕಾರಿ ವರ್ಗವಾಗಿ ಹೋಗುತ್ತಾನೆ. ಆ ಮೋರಿಯ ಕೆಳಗೆ ಬದುಕಬೇಕಾದವರು ನಾವು. ಸಹಿ ಹಾಕುವ ಮುಂಚೆ ಒಂದು ಸಲ ಹೊಲಕ್ಕೆ ಹೋಗಿ, ಮಳೆ ನೀರು ಹರಿಯುವ ದಾರಿ ನೋಡಿಕೊಂಡು ಬನ್ನಿ. ಇಷ್ಟೇ ನನ್ನ ಬಿನ್ನಹ.