ಮನಸ್ಸಿನ ಬೇನೆಯೂ ಕಾಯದೆಯೂ
(ಜಾಂಬೋಟಿಯಲ್ಲಿ ಮಾಡಿದ ಭಾಷಣ)



ಈ ಮಲೆಸೀಮೆಯಲ್ಲಿ ಚಳಿಜ್ವರ ಬಂದವನನ್ನು ಯಾರೂ ಬಚ್ಚಿಡುವುದಿಲ್ಲ. ಮಳೆ ಎಷ್ಟೇ ಸುರಿಯುತ್ತಿರಲಿ, ಕಂಬಳಿ ಹೊದಿಸಿ ಖಾನಾಪುರದ ದವಾಖಾನೆಗೆ ಒಯ್ಯುವರು. ಮನಸ್ಸಿಗೆ ಬೇನೆ ಹತ್ತಿದವನನ್ನು ಮಾತ್ರ ಒಳಕೋಣೆಯಲ್ಲಿ ಕೂಡಿಸಿ ಬಾಗಿಲು ಮುಚ್ಚುವರು. ಮನೆತನದ ಮಾನ ಹೋದೀತು, ಮಗಳ ಲಗ್ನ ನಿಂತೀತು ಎಂಬ ಅಂಜಿಕೆ. ಈ ಅಂಜಿಕೆ ಸುಳ್ಳೆಂದು ನಾವು ಹೇಳಲಾರೆವು. ಆದರೆ ಮುಚ್ಚಿದ ಬಾಗಿಲ ಹಿಂದೆ ಬೇನೆಯು ಬಲಿಯುವುದೇ ಹೊರತು ಮಾಯುವುದಿಲ್ಲ.

ಈ ಅಂಜಿಕೆಯನ್ನು ಬೆಳೆಸಿದ್ದರಲ್ಲಿ ಕಾಯದೆಯ ಪಾಲೂ ಉಂಟು. ೧೯೧೨ರಲ್ಲಿ ಪರಕೀಯ ಸರಕಾರವು ಮಾಡಿದ ಕಾಯದೆಯು ರೋಗಿಯನ್ನು ಹುಚ್ಚನೆಂದೇ ಕರೆದು, ಅವನನ್ನು ಗೋಡೆಯೊಳಗೆ ಇಡುವ ಬಗೆಯನ್ನೇ ಮುಖ್ಯವಾಗಿ ವಿವರಿಸಿತು. ಸ್ವರಾಜ್ಯ ಬಂದ ಮೇಲೂ ದಶಕಗಳವರೆಗೆ ಅದೇ ನಡೆಯಿತು. ೧೯೮೭ರಲ್ಲಿ ಬೇರೊಂದು ಕಾಯದೆಯಾಯಿತು. ಕಡೆಗೆ ೨೦೧೭ರ ಮಾನಸಿಕ ಆರೋಗ್ಯ ಕಾಯದೆಯು ನ್ಯಾಯದ ದೃಷ್ಟಿಯನ್ನೇ ತಿರುಗಿಸಿತು. ಸರಕಾರಿ ದವಾಖಾನೆಯಲ್ಲಿ ಉಪಚಾರ ಪಡೆಯುವುದು ಅದರ ೧೮ನೆಯ ಕಲಮಿನ ಪ್ರಕಾರ ರೋಗಿಯ ಹಕ್ಕು, ಯಾರ ದಯೆಯೂ ಅಲ್ಲ. ರೋಗಿಗೆ ಸಂಕೋಲೆ ತೊಡಿಸುವುದು ನಿಷಿದ್ಧ. ೧೧೫ನೆಯ ಕಲಮು ಇನ್ನೂ ಮಹತ್ವದ್ದು: ಪ್ರಾಣ ಕಳೆದುಕೊಳ್ಳಹೊರಟು ಉಳಿದವನು ತೀವ್ರ ಮನೋವೇದನೆಯಲ್ಲಿದ್ದನೆಂದೇ, ಅನ್ಯಥಾ ಸಿದ್ಧವಾಗದ ಹೊರತು, ಭಾವಿಸತಕ್ಕದ್ದು, ಅವನನ್ನು ಶಿಕ್ಷಿಸಕೂಡದು, ಸರಕಾರವು ಅವನ ಆರೈಕೆ ಮಾಡತಕ್ಕದ್ದು. ಫೌಜದಾರರ ಅಂಜಿಕೆಯಿಂದ ಅಂಥವನನ್ನು ದವಾಖಾನೆಗೆ ಒಯ್ಯಲು ತಾಸುಗಟ್ಟಲೆ ತಡಮಾಡಿದ ಮನೆಗಳುಂಟು. ಆ ತಾಸುಗಳಲ್ಲಿಯೇ ಜೀವ ಹೋಗುತ್ತದೆ. ಇದನ್ನು ಹೇಳುವುದಕ್ಕೋಸ್ಕರವೇ ನಾವು ಇಷ್ಟು ದೂರ ಬಂದದ್ದು.

ಇಂಥ ಉಪಚಾರವು ದೊಡ್ಡ ಪಟ್ಟಣಗಳಿಗೆ ಮಾತ್ರ ಎಂದು ತಿಳಿಯಬೇಡಿರಿ. ಧಾರವಾಡದಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯಿದೆ, ನಿಜ. ಆದರೆ ೧೯೮೫ರಿಂದ ಐದು ವರುಷ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಬೇರೊಂದು ಮಾರ್ಗವನ್ನು ತೋರಿಸಿತು. ಹಳ್ಳಿಯ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರರಿಗೂ ಕೆಲಸಗಾರರಿಗೂ ತರಬೇತಿ ಕೊಟ್ಟು, ಔಷಧ ಒದಗಿಸಿ, ರೋಗಿಯು ಮನೆಯಲ್ಲಿದ್ದುಕೊಂಡೇ ಉಪಚಾರ ಪಡೆಯಬಹುದೆಂದು ತೋರಿಸಿತು. ೧೯೯೬ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಈ ಕನ್ನಡ ಜಿಲ್ಲೆಯೇ ಮಾದರಿ. ನಮಗೆ ಇದರ ಅಭಿಮಾನ ಬೇಡವೇ?

ಇನ್ನು ತಮ್ಮ ತಮ್ಮ ಮನಸ್ಸಿನ ಮಾತು. ದುಃಖವೆಲ್ಲ ರೋಗವಲ್ಲ. ಬೆಳೆ ಹೋದರೆ, ಆಪ್ತರು ತೀರಿದರೆ ಯಾರಿಗಾದರೂ ಸಂಕಟವಾಗುತ್ತದೆ. ಆದರೆ ಎರಡು ವಾರ ಕಳೆದರೂ ನಿದ್ರೆ ಹತ್ತದೆ, ಊಟ ಸೇರದೆ, ಮೆಚ್ಚಿದ ಕೆಲಸವೂ ಬೇಸರವಾಗಿ, 'ತಾನು ಇದ್ದೇನು ಫಲ?' ಎಂಬ ವಿಚಾರ ಸುಳಿದರೆ ಡಾಕ್ಟರರಿಗೆ ತೋರಿಸತಕ್ಕದ್ದು. ಸೆರೆಯಿಂದ ಅದು ಮರೆತಂತಾಗಿ ಇಮ್ಮಡಿಯಾಗುತ್ತದೆ. ಹರಕೆ ಹೊರಬೇಡಿರೆಂದು ನಾವು ಅನ್ನುವುದಿಲ್ಲ. ಹರಕೆಯ ಸಂಗಡ ಔಷಧವೂ ಇರಲಿ. ಅದರ ಗುಣ ಕಾಣಲು ಕೆಲವು ವಾರ ಬೇಕು. ನಾಲ್ಕು ದಿನಕ್ಕೇ ಗುಳಿಗೆ ಬಿಟ್ಟು ಡಾಕ್ಟರರನ್ನು ಬಯ್ಯುವುದು ನ್ಯಾಯವಲ್ಲ.

ಸಂಕಟವನ್ನು ಮನೆಮಾತಿನಲ್ಲಿ ಹೇಳಿದಂತೆ ಇನ್ನೊಂದರಲ್ಲಿ ಹೇಳಲು ಬಾರದು. ಸಾಕ್ಷಿದಾರರನ್ನು ನೋಡಿ ನೋಡಿ ನಾವು ಬಲ್ಲೆವು. ೨೦೨೨ರ ಅಕ್ಟೋಬರದಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಟೆಲಿ-ಮಾನಸದ ಅಂಕಿ ೧೪೪೧೬. ಹಗಲಿರುಳೆನ್ನದೆ ದುಡ್ಡಿಲ್ಲದೆ ಮಾತಾಡಬಹುದು. ಕನ್ನಡದಲ್ಲಿಯೂ, ಇಲ್ಲಿಯ ಮರಾಠಿ ಬಂಧುಗಳು ತಮ್ಮ ಮಾತಿನಲ್ಲಿಯೂ. ಇಂದು ಮನೆಗೆ ಹೋದೊಡನೆ ಆ ಐದು ಅಂಕಿಗಳನ್ನು ಎಲ್ಲರ ಕಣ್ಣಿಗೆ ಬೀಳುವ ಗೋಡೆಯ ಮೇಲೆ ಇದ್ದಲಿಯಿಂದಾದರೂ ಬರೆದಿಡಿರಿ.