ಕೊಡಗಿನ ಪದಕ

ಬಂಟವಾಳವನ್ನು ಹಾದುಹೋದ ದಂಗೆಯೊಂದನ್ನು ಅಡಗಿಸಿದ್ದಕ್ಕಾಗಿ ಕಂಪೆನಿ ಸರಕಾರವು ಕೊಟ್ಟ ಪದಕದಲ್ಲಿ ಕನ್ನಡ ಅಕ್ಷರಗಳಿರುವುದನ್ನು ನಮ್ಮಲ್ಲಿ ಬಹುಮಂದಿ ಅರಿಯರು. 1837ರ ಏಪ್ರಿಲಿನಲ್ಲಿ ಕಲ್ಯಾಣಪ್ಪನ ದಂಡು ಪುತ್ತೂರು, ಬಂಟವಾಳಗಳ ಮಾರ್ಗವಾಗಿ ಬಂದು ಮಂಗಳೂರನ್ನು ವಶಪಡಿಸಿಕೊಂಡಿತು. ಅಧಿಕಾರಿಗಳು ಕಡಲ ಹಾದಿ ಹಿಡಿದರು. ಕಣ್ಣಾನೂರಿನಿಂದ ಸೇನೆಯೂ ಅದೇ ಕಡಲ ಮೇಲೆ ಬಂದಿತು. ದಂಗೆಯ ಪಕ್ಷ ವಹಿಸಿದ ಲಕ್ಷ್ಮಪ್ಪ ಬಂಗರಸನು ನೇಣುಗಂಬವನ್ನೇರಿದನು. ಅವನದು ಬೆಳ್ತಂಗಡಿ ಸೀಮೆಯ ಬಂಗಾಡಿಯ ಹೆಸರುಳ್ಳ ಹಳೆಯ ಮನೆತನ.

ಪದಕವಾದರೋ ಕಂಪೆನಿಯ ಪರವಾಗಿ ನಿಂತ ಕೊಡಗರಿಗೆ ದೊರೆಯಿತು: ಚಿನ್ನದವು 44, ಬೆಳ್ಳಿಯವು 300. ಕೋವಿ ಹಿಡಿದು ಕತ್ತಿಯೆತ್ತಿ ನಿಂತ ಕೊಡಗಿನ ವೀರನ ಚಿತ್ರ ಅದರಲ್ಲಿದೆ. ಚಿತ್ರವು ಸೊಗಸಾಗಿಯೇ ಇದೆಯೆಂದು ನಾವು ಒಪ್ಪಬೇಕು. ಇಂಗ್ಲಿಷಿನ ಬರಹದೊಡನೆ ಕನ್ನಡದ್ದೂ ಉಂಟು. ದಂಗೆಯನ್ನು ಅಡಗಿಸುವುದರಲ್ಲಿ ತೋರಿದ ನಿಷ್ಠೆಗೆ ಇದು ಮೆಚ್ಚಿನ ಗುರುತೆಂದು ಅದರ ತಾತ್ಪರ್ಯ. ಬಂಗರಸನ ಮನೆಯವರೂ ಓದಬಲ್ಲ ಲಿಪಿ ಅದು.